ಮೊಬೈಲು ಕಸಿಯುವ ಮೊದಲು ಮಗುವಿನ ಮಾತು ಕೇಳಿ

ರಾಜ್ಯದ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಸಹಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳ ಮೇಲೆ ಆನ್‌ಲೈನಿನಲ್ಲಿ ನಡೆಯುವ ಲೈಂಗಿಕ ಶೋಷಣೆಯ ಬಗ್ಗೆ ಪತ್ರ ಬರೆಯುವವರು ಸಾಮಾನ್ಯವಾಗಿ ಸರ್ಕಾರಕ್ಕೆ ಬರೆಯುತ್ತಾರೆ, ಇಲ್ಲವೇ ಪೊಲೀಸರಿಗೆ. ಕಾನೂನು ಬಿಗಿ ಮಾಡಿ, ಶಿಕ್ಷೆ ಹೆಚ್ಚಿಸಿ ಎಂದು ಕೇಳುತ್ತಾರೆ. ಮಕ್ಕಳ ಪರವಾಗಿ ವಕಾಲತ್ತು ಮಾಡುವ ನಾನು ಈ ಪತ್ರವನ್ನು ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಸಾಕಷ್ಟು ಬಿಗಿಯಾಗಿಯೇ ಇದೆ. ಆದರೆ ಅದು ತಾನಾಗಿ ಎದ್ದು ಯಾವ ಮಗುವಿನ ಬಳಿಗೂ ಹೋಗುವುದಿಲ್ಲ. ಯಾರಾದರೂ ದೊಡ್ಡವರು ಠಾಣೆಗೆ ಸುದ್ದಿ ಮುಟ್ಟಿಸಬೇಕು. ಅಪ್ಪ ಅಮ್ಮನಿಗೆ ಹೇಳಲು ಹೆದರುವ ಮಗು ಎಷ್ಟೋ ಸಲ ತನ್ನ ನೆಚ್ಚಿನ ಟೀಚರ್ ಹತ್ತಿರ ಬಾಯಿ ಬಿಡುತ್ತದೆ. ಅಥವಾ ಅದರ ಗೆಳತಿ ಬಂದು, "ಮಿಸ್, ಅವಳು ಮೂರು ದಿನದಿಂದ ಊಟ ಮಾಡ್ತಿಲ್ಲ" ಎನ್ನುತ್ತಾಳೆ. ಆ ಹೊತ್ತಿಗೆ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಮುಂದಿನ ತನಿಖೆ, ವಿಚಾರಣೆ, ಕೊನೆಗೆ ಆ ಮಗುವಿನ ಓದು ಮತ್ತು ಬದುಕು ನಿಂತಿರುತ್ತದೆ.

ಆದ್ದರಿಂದ ಕಾನೂನು ಏನು ಹೇಳುತ್ತದೆ, ಅದು ನಿಮ್ಮಿಂದ ಏನು ಬಯಸುತ್ತದೆ, ನಿಮಗೆ ಯಾವ ರಕ್ಷಣೆ ಕೊಡುತ್ತದೆ ಎಂಬುದನ್ನು ನೇರವಾಗಿ ಹೇಳುತ್ತೇನೆ. ದಯವಿಟ್ಟು ಕೊನೆತನಕ ಓದಿ.

ಇಂಥ ಪ್ರಕರಣಗಳು ಹೇಗೆ ನಡೆಯುತ್ತವೆ ಎಂಬುದನ್ನು ಮೊದಲು ನೋಡೋಣ. ನಾನು ಹೇಳುವುದು ಯಾವುದೋ ಒಂದು ಊರಿನ, ಒಂದು ಮಗುವಿನ ಕಥೆಯಲ್ಲ. ಹೆಸರು ಊರು ಬೇರೆಯಾದರೂ ಮೋಸದ ದಾರಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂಬತ್ತನೇ ತರಗತಿಯ ಹುಡುಗಿ. ಮನೆಯಲ್ಲಿ ಅಪ್ಪನ ಹಳೆಯ ಮೊಬೈಲು ಅವಳ ಕೈಗೆ ಬಂದಿದೆ. ಇನ್‌ಸ್ಟಾಗ್ರಾಮಿನಲ್ಲಿ ಒಂದು ರಿಕ್ವೆಸ್ಟ್ ಬರುತ್ತದೆ. ಪ್ರೊಫೈಲಿನಲ್ಲಿರುವುದು ಅವಳ ವಯಸ್ಸಿನ ಇನ್ನೊಬ್ಬ ಹುಡುಗಿಯ ಫೋಟೊ. "ನಿನ್ನ ರೀಲ್ಸ್ ಸೂಪರ್ ಕಣೇ, ಯಾವ ಸ್ಕೂಲು?" ಎಂದು ಮಾತು ಶುರುವಾಗುತ್ತದೆ. ಮನೆಯಲ್ಲಿ ಬೈದದ್ದು, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದು ಎಲ್ಲವನ್ನೂ ಆ ಕಡೆಯವರು ತಾಳ್ಮೆಯಿಂದ ಕೇಳುತ್ತಾರೆ. ಕೆಲವು ವಾರ ಕಳೆದ ಮೇಲೆ ಮಾತು ಬೇರೆ ಆ್ಯಪ್‌ಗೆ ಹೋಗುತ್ತದೆ. "ಇದರಲ್ಲಿ ಕಳಿಸಿದ ಫೋಟೊ ನೋಡಿದ ಕೂಡಲೇ ಅಳಿಸಿಹೋಗುತ್ತದೆ, ಹೆದರಬೇಡ" ಎಂಬ ಭರವಸೆ ಸಿಗುತ್ತದೆ. ಮಗು ನಂಬಿ ಒಂದು ಫೋಟೊ ಕಳಿಸುತ್ತದೆ. ಮರುಕ್ಷಣವೇ ಆ ಫೋಟೊದ ಸ್ಕ್ರೀನ್‌ಶಾಟ್ ವಾಪಸ್ ಬರುತ್ತದೆ, ಅದರ ಕೆಳಗೆ ಅವಳ ಅಣ್ಣನ, ಚಿಕ್ಕಪ್ಪನ, ಕ್ಲಾಸ್ ಟೀಚರಿನ ಪ್ರೊಫೈಲುಗಳ ಪಟ್ಟಿ. "ಇನ್ನೊಂದು ಕಳಿಸು, ಇಲ್ಲದಿದ್ದರೆ ಇವರಿಗೆಲ್ಲ ಹೋಗುತ್ತದೆ."

ಹುಡುಗರಿಗೆ ಇದೇ ಬಲೆ ಆನ್‌ಲೈನ್ ಗೇಮಿನ ಚಾಟಿನಲ್ಲಿ ಸಿಗುತ್ತದೆ, ಒಂದು ವಿಡಿಯೊ ಕಾಲ್ ಆಗುತ್ತದೆ, ಆಮೇಲೆ ದುಡ್ಡಿಗಾಗಿ ಪೀಡನೆ. ಇದು ಹೆಣ್ಣುಮಕ್ಕಳ ಸಮಸ್ಯೆ ಮಾತ್ರ ಎಂದುಕೊಂಡರೆ ಅರ್ಧ ತರಗತಿಯನ್ನು ಕೈಬಿಟ್ಟಂತೆ. ಇನ್ನು ಏನನ್ನೂ ಕಳಿಸದ ಮಗುವೂ ಈಗ ಸುರಕ್ಷಿತವಲ್ಲ. ಶಾಲಾ ವಾರ್ಷಿಕೋತ್ಸವದ ಒಂದು ಫೋಟೊ ಸಿಕ್ಕರೆ ಸಾಕು, ಮುಖವನ್ನು ಬೇರೆ ಮೈಗೆ ಅಂಟಿಸಿ ನಿಜವೆಂದು ನಂಬಿಸುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಯಾರ ಕೈಗೆ ಬೇಕಾದರೂ ಸಿಗುತ್ತವೆ.

ಈ ಕಥೆಯ ಒಂದೊಂದು ಮೆಟ್ಟಿಲಿಗೂ ನಮ್ಮಲ್ಲಿ ಕಾನೂನಿದೆ. "ಮುಟ್ಟಿಲ್ಲವಲ್ಲ ಸಾರ್, ಬರೀ ಮೆಸೇಜು ತಾನೆ" ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ ಹದಿನೆಂಟು ತುಂಬದ ಎಲ್ಲರನ್ನೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಮಗು ಎಂದು ಕರೆಯುತ್ತದೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನು, ಇಂಟರ್ನೆಟ್ಟಿನ ಮೂಲಕ ಪದೇ ಪದೇ ಸಂಪರ್ಕಿಸುವುದು ಅದರ ಸೆಕ್ಷನ್ 11ರಂತೆ ಲೈಂಗಿಕ ಕಿರುಕುಳ. ಮಗುವಿನ ಚಿತ್ರವನ್ನು ಹರಿಯಬಿಡುತ್ತೇನೆ ಎಂದು ಬೆದರಿಸುವುದೂ ಅದೇ ಸೆಕ್ಷನ್ನಿಗೆ ಬರುತ್ತದೆ. ಆ ಚಿತ್ರ ನಿಜದ್ದೇ ಆಗಿರಬೇಕೆಂದಿಲ್ಲ, ತಿದ್ದಿ ಮಾಡಿದ್ದಾದರೂ ಅಪರಾಧವೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಮಾರ್ಫ್ ಮಾಡಿದ ಫೋಟೊ ಎಂದ ಮಾತ್ರಕ್ಕೆ ಪ್ರಕರಣ ಹಗುರಾಗುವುದಿಲ್ಲ. ಇದಕ್ಕೆ ಮೂರು ವರ್ಷದವರೆಗೆ ಜೈಲು. ಅಶ್ಲೀಲ ಚಿತ್ರಕ್ಕಾಗಿ ಮಗುವನ್ನು ಬಳಸಿಕೊಂಡರೆ ಸೆಕ್ಷನ್ 13 ಮತ್ತು 14ರ ಪ್ರಕಾರ ಕನಿಷ್ಠ ಐದು ವರ್ಷ, ಎರಡನೇ ಸಲ ತಪ್ಪಿತಸ್ಥನಾದರೆ ಕನಿಷ್ಠ ಏಳು ವರ್ಷ.

ಅದಕ್ಕೂ ಮೊದಲೇ, 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿಯಾಗಿ 67ಬಿ ಎಂಬ ಸೆಕ್ಷನ್ ಸೇರಿತ್ತು. 2009ರ ಅಕ್ಟೋಬರಿನಿಂದ ಅದು ಜಾರಿಯಲ್ಲಿದೆ. ಮಕ್ಕಳ ಲೈಂಗಿಕ ಚಿತ್ರಗಳನ್ನು ಪ್ರಕಟಿಸುವುದು, ಕಳಿಸುವುದಷ್ಟೇ ಅಲ್ಲ, ಹುಡುಕುವುದು, ಡೌನ್‌ಲೋಡ್ ಮಾಡುವುದು, ಲೈಂಗಿಕ ಉದ್ದೇಶಕ್ಕೆ ಮಕ್ಕಳನ್ನು ಆನ್‌ಲೈನ್ ಗೆಳೆತನಕ್ಕೆ ಸೆಳೆಯುವುದು ಎಲ್ಲವೂ ಅದರಲ್ಲಿ ಅಪರಾಧ. ಮೊದಲ ಸಲಕ್ಕೆ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ನಕಲಿ ಪ್ರೊಫೈಲಿನ ಆ "ಗೆಳತಿ" ಸಿಕ್ಕಿಬೀಳುವುದು ಇಲ್ಲಿ.

ಇಂಥ ಚಿತ್ರಗಳನ್ನು ಸುಮ್ಮನೆ ಮೊಬೈಲಿನಲ್ಲಿ ಇಟ್ಟುಕೊಂಡವರ ಗತಿ ಏನು? ಈ ಪ್ರಶ್ನೆ 2024ರಲ್ಲಿ ದೇಶದ ಗಮನ ಸೆಳೆಯಿತು. ಖಾಸಗಿಯಾಗಿ ಡೌನ್‌ಲೋಡ್ ಮಾಡಿ ನೋಡಿದರೆ ಅಪರಾಧವಲ್ಲ ಎಂಬರ್ಥದ ಆದೇಶವನ್ನು ಮದ್ರಾಸ್ ಹೈಕೋರ್ಟ್ ಆ ವರ್ಷದ ಜನವರಿಯಲ್ಲಿ ಕೊಟ್ಟಿತ್ತು. ಜುಲೈನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವೂ ಬರಿದೇ ನೋಡುವುದು 67ಬಿ ಅಡಿ ಬರುವುದಿಲ್ಲ ಎಂದು ಒಂದು ಪ್ರಕರಣವನ್ನು ರದ್ದು ಮಾಡಿತು. ಅದೇ ತಿಂಗಳಲ್ಲಿ ಆ ಆದೇಶವನ್ನು ತಾನೇ ಹಿಂಪಡೆಯಿತು. ಕೊನೆಗೆ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ತೀರ್ಪನ್ನು ಬದಿಗೊತ್ತಿತು. ಹಂಚುವ ಉದ್ದೇಶದಿಂದ ಇಂಥ ಚಿತ್ರವನ್ನು ಅಳಿಸದೆ, ವರದಿಯನ್ನೂ ಮಾಡದೆ ಇಟ್ಟುಕೊಂಡರೆ ಪೋಕ್ಸೊ ಸೆಕ್ಷನ್ 15ರ ಅಪರಾಧ, ನಿಜವಾಗಿ ಹಂಚಿರಲೇಬೇಕು ಎಂದೇನಿಲ್ಲ, ಉದ್ದೇಶವನ್ನು ಸಂದರ್ಭದಿಂದಲೇ ತಿಳಿಯಬಹುದು ಎಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಜೆ.ಬಿ. ಪಾರ್ದೀವಾಲಾ ಅವರ ಪೀಠ ಹೇಳಿತು. ಚಿತ್ರದಲ್ಲಿರುವುದು ಒಂದು ಮಗುವಿನ ಮೇಲೆ ನಡೆದ ದೌರ್ಜನ್ಯ, ಅದನ್ನು ಯಾರು ನೋಡಿದರೂ ಹಂಚಿದರೂ ಆ ದೌರ್ಜನ್ಯ ಮುಂದುವರಿಯುತ್ತದೆ ಎಂಬುದೇ ಆ ತೀರ್ಪಿನ ತಿರುಳು.

ಇಷ್ಟೆಲ್ಲ ಕಾನೂನಿದ್ದೂ ಆರೋಪಿ ಏಕೆ ತಪ್ಪಿಸಿಕೊಳ್ಳುತ್ತಾನೆ? ಮೊದಲ ಒಂದೆರಡು ಗಂಟೆಯಲ್ಲಿ, ಒಳ್ಳೆಯ ಮನಸ್ಸಿನವರೇ ಮಾಡುವ ಕೆಲವು ಕೆಲಸಗಳಿಂದ. ಅವು ನಿಮ್ಮ ಆಫೀಸ್ ರೂಮಿನಲ್ಲಿಯೇ ನಡೆಯುತ್ತವೆ, ಆದ್ದರಿಂದ ಬಿಡಿಸಿ ಹೇಳಬೇಕು.

ಮೊದಲನೆಯದು ಡಿಲೀಟ್. ಮಗುವಿನ ಮರ್ಯಾದೆ ಉಳಿಸಬೇಕೆಂದು ಚಾಟನ್ನೆಲ್ಲ ಅಳಿಸಿ, ಅಕೌಂಟನ್ನು ಮುಚ್ಚಿಸಿ, ಮೊಬೈಲನ್ನು ರೀಸೆಟ್ ಮಾಡಿ ತಂದೆಯ ಕೈಗೆ ಕೊಡುವವರಿದ್ದಾರೆ. ಇದರಿಂದ ಉಳಿಯುವುದು ಆರೋಪಿ. ಅವನ ಯೂಸರ್‌ನೇಮ್, ಪ್ರೊಫೈಲಿನ ಲಿಂಕ್, ಮೆಸೇಜುಗಳ ದಿನಾಂಕ ಮತ್ತು ಸಮಯ, ದುಡ್ಡು ಕೇಳಿದ್ದರೆ ಅವನ ಯುಪಿಐ ಐಡಿ, ಇವೇ ಪೊಲೀಸರಿಗೆ ಬೇಕಾದ ಸುಳಿವುಗಳು. ಇವುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ, ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಮೊಬೈಲನ್ನು ಇದ್ದ ಹಾಗೆಯೇ ಪೊಲೀಸರಿಗೆ ಕೊಡಿ. ಹೆಸರು ಬರೆದುಕೊಳ್ಳದೆ ಬ್ಲಾಕ್ ಮಾಡಬೇಡಿ.

ಎರಡನೆಯದು ಫಾರ್ವರ್ಡ್. "ಎಚ್‌ಎಂ ಸರ್‌ಗೂ ಗೊತ್ತಿರಲಿ" ಎಂದು ಆ ಫೋಟೊವನ್ನೇ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದಿದೆ. ಹತ್ತು ಜನ ಶಿಕ್ಷಕರ ಮೊಬೈಲಿನಲ್ಲಿ ಆ ಮಗುವಿನ ಚಿತ್ರ ಕೂತಿತು ಎಂದರೆ ನಾಳೆ ಆ ಮಗು ಯಾವ ಮುಖ ಹೊತ್ತು ತರಗತಿಗೆ ಬರಬೇಕು? ಕಾನೂನಿನ ಕಣ್ಣಿನಲ್ಲಿಯೂ ಇದು ಅಪಾಯದ ಕೆಲಸ. ಪೊಲೀಸರಿಗೆ ವರದಿ ಮಾಡಲು ಮತ್ತು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಲು ಮಾತ್ರ ಸೆಕ್ಷನ್ 15 ವಿನಾಯಿತಿ ಕೊಡುತ್ತದೆ. ಸಹೋದ್ಯೋಗಿಗಳಿಗೆ ತೋರಿಸುವುದಕ್ಕೆ ಯಾವ ವಿನಾಯಿತಿಯೂ ಇಲ್ಲ. ಆ ಚಿತ್ರವನ್ನು ನೀವು ನೋಡಬೇಕಾದ ಅಗತ್ಯವೇ ಇಲ್ಲ. ಮಗು "ಇದೆ" ಎಂದರೆ ಸಾಕು.

ಮೂರನೆಯದು ಬೈಗುಳ. "ಓದು ಬಿಟ್ಟು ಇದೆಲ್ಲ ಯಾಕೆ ಬೇಕಿತ್ತು?" "ನೀನೇ ಕಳಿಸಿದ್ದಲ್ಲವಾ?" ಆ ಮಗು ಈ ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡು ಎಷ್ಟೋ ರಾತ್ರಿ ನಿದ್ದೆಗೆಟ್ಟಿರುತ್ತದೆ. ಪೋಕ್ಸೊದಲ್ಲಿ ಹದಿನೆಂಟು ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಮೋಸಹೋಗಿ ಕಳಿಸಿದ ಮಗು ಆ ಕಾಯ್ದೆಗೆ ಸಂತ್ರಸ್ತ ಮಗು. ಬೆದರಿಸುವವನ ಬಳಿ ಇರುವ ದೊಡ್ಡ ಅಸ್ತ್ರ ಆ ಫೋಟೊ ಅಲ್ಲ, ಮನೆಯವರು ಮತ್ತು ಮೇಷ್ಟ್ರು ನನ್ನನ್ನೇ ಬೈಯುತ್ತಾರೆ ಎಂಬ ಮಗುವಿನ ಭಯ. ನೀವು ಬೈದ ಕ್ಷಣದಲ್ಲಿ ಅವನು ಹೇಳಿದ್ದೇ ನಿಜವಾಗುತ್ತದೆ, ಮಗು ಮತ್ತೆ ಅವನ ಹಿಡಿತಕ್ಕೇ ಹೋಗುತ್ತದೆ. ಕೆಲವು ಮಕ್ಕಳು ಅದಕ್ಕಿಂತ ಘೋರವಾದ ದಾರಿ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಹೇಳಬೇಕಾದದ್ದು ಇಷ್ಟೇ: "ಹೇಳಿದ್ದು ಒಳ್ಳೆಯದಾಯಿತು. ತಪ್ಪು ನಿನ್ನದಲ್ಲ. ಇನ್ನು ನಾವಿದ್ದೇವೆ." ಆಮೇಲೆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ನಾಲ್ಕನೆಯದು ರಾಜಿ. ಆರೋಪಿ ಊರಿನವನೇ ಆಗಿದ್ದರೆ ಹಿರಿಯರು ಸೇರುತ್ತಾರೆ, ಅವನ ಕೈಯಿಂದ ಕ್ಷಮೆ ಕೇಳಿಸುತ್ತಾರೆ, ಹುಡುಗಿಯ ಮದುವೆಗೆ ತೊಂದರೆಯಾಗುತ್ತದೆ ಎಂದು ತಂದೆ ತಾಯಿಯ ಬಾಯಿ ಮುಚ್ಚಿಸುತ್ತಾರೆ, ಕೊನೆಗೆ ಆ ಹುಡುಗಿಗೆ ಟಿಸಿ ಕೊಟ್ಟು ಅಜ್ಜಿಯ ಊರಿಗೆ ಕಳಿಸುತ್ತಾರೆ. ಶಿಕ್ಷೆ ಅನುಭವಿಸಿದ್ದು ಯಾರು? ಇಂಥ ರಾಜಿಯಲ್ಲಿ ಪಾಲ್ಗೊಂಡ ಶಿಕ್ಷಕರು ತಾವು ದೊಡ್ಡ ಉಪಕಾರ ಮಾಡಿದೆವು ಎಂದೇ ಭಾವಿಸಿರುತ್ತಾರೆ. ನಿಜಕ್ಕೂ ಅವರು ಕಾನೂನು ಮುರಿದಿರುತ್ತಾರೆ.

ಯಾಕೆಂದರೆ ವರದಿ ಮಾಡುವುದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಪೋಕ್ಸೊ ಸೆಕ್ಷನ್ 19ರ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದ ಅಥವಾ ನಡೆಯಬಹುದು ಎಂಬ ಆತಂಕವಿರುವ ಯಾವುದೇ ವ್ಯಕ್ತಿ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ನಿಜವೋ ಸುಳ್ಳೋ ಎಂದು ನೀವು ವಿಚಾರಣೆ ಮಾಡಿ ತೀರ್ಮಾನಿಸಬೇಕಿಲ್ಲ, ಅದು ಪೊಲೀಸರ ಕೆಲಸ. ತಿಳಿಸದಿದ್ದರೆ ಸೆಕ್ಷನ್ 21ರಂತೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನ ಸಿಬ್ಬಂದಿಯೇ ಅಪರಾಧ ಮಾಡಿದ್ದು ಗೊತ್ತಿದ್ದೂ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು.

ಇದು ಕಾಗದದ ಮೇಲಿನ ಬೆದರಿಕೆಯಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಶಾಲೆಯೊಂದರ ವಸತಿ ನಿಲಯದ ಬಾಲಕಿಯರ ಮೇಲೆ ದೌರ್ಜನ್ಯ ನಡೆದಿತ್ತು. ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರಿಗೆ ವಿಷಯ ತಿಳಿದಿದ್ದರೂ ಪೊಲೀಸರಿಗೆ ಹೇಳಲಿಲ್ಲ ಎಂಬ ಆರೋಪ ಬಂತು. ಅವರ ಮೇಲಿನ ಪ್ರಕರಣವನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಪ್ರಕರಣ ಮುಂದುವರಿಯಬೇಕೆಂದಿತು. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಹಲವು ಸಲ ಅದು ಅಪರಾಧಿಯನ್ನು ಕಾಪಾಡುವ ಯತ್ನವೇ ಆಗುತ್ತದೆ ಎಂದು ಆ ತೀರ್ಪು ಎಚ್ಚರಿಸಿದೆ.

ನಿಮ್ಮ ಅಂಜಿಕೆಗಳು ನನಗೆ ಗೊತ್ತು. ನಾಳೆ ನಾವು ಕೋರ್ಟಿಗೆ ಅಲೆಯಬೇಕು, ಆರೋಪಿಯ ಕಡೆಯವರು ನಮ್ಮ ಮೇಲೇ ಕೇಸು ಹಾಕುತ್ತಾರೆ, ಶಾಲೆಯ ಹೆಸರು ಪೇಪರಿನಲ್ಲಿ ಬರುತ್ತದೆ, ಮುಂದಿನ ವರ್ಷ ಯಾರೂ ಮಕ್ಕಳನ್ನು ಸೇರಿಸುವುದಿಲ್ಲ. ಇವಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ ಎಂದು ಸೆಕ್ಷನ್ 19 ಹೇಳಿದೆ. ಸೆಕ್ಷನ್ 23ರ ಪ್ರಕಾರ ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ನೆರೆಹೊರೆ ಮಾತ್ರವಲ್ಲ, ಶಾಲೆಯ ಹೆಸರನ್ನೂ ಯಾವ ಮಾಧ್ಯಮವೂ ಬಹಿರಂಗಪಡಿಸುವಂತಿಲ್ಲ. ಪಡಿಸಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ನಿಮ್ಮ ಶಾಲೆಯ ಹೆಸರನ್ನು ಕಾಪಾಡಲು ಕಾನೂನೇ ನಿಂತಿರುವಾಗ ಮುಚ್ಚಿಡಬೇಕಾದ ಅಗತ್ಯ ಎಲ್ಲಿದೆ?

"ಹೆಣ್ಣುಮಗುವನ್ನು ಠಾಣೆಗೆ ಕರೆದುಕೊಂಡು ಹೋಗುವುದು ಹೇಗೆ?" ಎಂದು ತಂದೆ ತಾಯಿ ಕೇಳುತ್ತಾರೆ. ಅವರಿಗೆ ನೀವು ಹೇಳಬೇಕಾದ ಮಾತುಗಳಲ್ಲಿ ಹೆಚ್ಚಿನವು ಸೆಕ್ಷನ್ 24ರಿಂದ ಮುಂದಕ್ಕೆ ಇವೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಅವರು ಸಮವಸ್ತ್ರದಲ್ಲಿ ಇರಬಾರದು. ತಂದೆ ತಾಯಿ ಅಥವಾ ಮಗುವಿಗೆ ನಂಬಿಕೆಯಿರುವ ಇನ್ನಾರಾದರೂ ಜೊತೆಗಿರಬೇಕು. ಆ ನಂಬಿಕೆಯ ವ್ಯಕ್ತಿ ನೀವೂ ಆಗಬಹುದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ವಿಷಯ ತಿಳಿಸಬೇಕು. ಸಮಿತಿಯು ಮಗುವಿಗೆ ಕೊನೆತನಕ ಜೊತೆ ನಿಲ್ಲುವ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಮಗು ಆರೋಪಿಯ ಎದುರು ನಿಲ್ಲಬೇಕಾಗಿಲ್ಲ, ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಬರುತ್ತವೆ. ಉಚಿತ ವಕೀಲರ ನೆರವು ಪಡೆಯುವ ಹಕ್ಕೂ ಕುಟುಂಬಕ್ಕಿದೆ.

ಎಲ್ಲ ಕಡೆ ಹೀಗೆಯೇ ನಡೆಯುತ್ತದೆ ಎಂದು ನಾನು ಹೇಳಲಾರೆ. ವಿಶೇಷ ನ್ಯಾಯಾಲಯವು ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಸಬೇಕು ಎಂದು ಕಾಯ್ದೆ ಬಯಸಿದರೂ ಎಷ್ಟೋ ಪ್ರಕರಣಗಳು ಆ ಗಡುವು ದಾಟಿ ಎಳೆಯುತ್ತವೆ. ಬೆಂಬಲ ವ್ಯಕ್ತಿ ಎಂಬ ಏರ್ಪಾಡು ಇದೆಯೆಂದೇ ಬಹಳಷ್ಟು ಕುಟುಂಬಗಳಿಗೆ ಗೊತ್ತಿರುವುದಿಲ್ಲ. ಇವು ಸರ್ಕಾರ ಮತ್ತು ನ್ಯಾಯಾಂಗ ಉತ್ತರ ಕೊಡಬೇಕಾದ ಲೋಪಗಳು. ಆದರೆ ಕಾಯ್ದೆಯ ಈ ಮಾತುಗಳನ್ನು ತಿಳಿದ ಶಿಕ್ಷಕರೊಬ್ಬರು ಪಕ್ಕದಲ್ಲಿದ್ದರೆ, "ಸಾರ್, ಮಗುವಿನ ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಿ, ಮಹಿಳಾ ಅಧಿಕಾರಿಯನ್ನು ಕಳಿಸಿ" ಎಂದು ಕೇಳಿದರೆ, ಠಾಣೆಯ ವರ್ತನೆ ಬದಲಾಗುತ್ತದೆ. ಹಕ್ಕು ಗೊತ್ತಿರುವವರ ಮುಂದೆ ಯಾವ ಕಚೇರಿಯೂ ಉಡಾಫೆ ಮಾಡುವುದಿಲ್ಲ.

ಇನ್ನು ಚಿತ್ರವನ್ನು ಇಂಟರ್ನೆಟ್ಟಿನಿಂದ ತೆಗೆಸುವ ಮಾತು. ಒಮ್ಮೆ ಹೋದದ್ದು ಹೋಯಿತು, ಏನೂ ಮಾಡಲಾಗದು ಎಂಬ ನಿರಾಸೆ ಬೇಡ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದಾಗಲೇ, ಬೆತ್ತಲೆ ಚಿತ್ರ ಅಥವಾ ಮಾರ್ಫ್ ಮಾಡಿದ ಚಿತ್ರದ ಬಗ್ಗೆ ಸಂತ್ರಸ್ತರು ಇಲ್ಲವೇ ಅವರ ಪರವಾಗಿ ಬೇರೆಯವರು ದೂರು ಕೊಟ್ಟರೆ ಸಾಮಾಜಿಕ ಜಾಲತಾಣದವರು 24 ಗಂಟೆಯೊಳಗೆ ಅದನ್ನು ತೆಗೆಯುವ ಕ್ರಮ ಕೈಗೊಳ್ಳಬೇಕು ಎಂಬ ಗಡುವು ಇತ್ತು. ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯೂ ಇದೆ. ಹದಿನೆಂಟು ತುಂಬುವ ಮೊದಲು ತೆಗೆದ ಚಿತ್ರಗಳಿಗೆ ಇದು ಅನ್ವಯ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ, ಮಗುವಿನ ಮೊಬೈಲಿನಲ್ಲಿಯೇ ಅದರ ಒಂದು ಡಿಜಿಟಲ್ ಗುರುತು ತಯಾರಾಗುತ್ತದೆ. ಆ ಗುರುತು ಹಿಡಿದು ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ತಾಣಗಳು ಚಿತ್ರವನ್ನು ಹುಡುಕಿ ತಡೆಯುತ್ತವೆ. ಮಕ್ಕಳ ಲೈಂಗಿಕ ಚಿತ್ರಗಳ ಬಗ್ಗೆ ಇದೇ ಸಂಸ್ಥೆಗೆ ಅಮೆರಿಕದ ಕಂಪನಿಗಳಿಂದ ಬರುವ ಮಾಹಿತಿ, 2019ರಲ್ಲಿ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಮಾಡಿಕೊಂಡ ಒಪ್ಪಂದದಂತೆ, ಭಾರತಕ್ಕೆ ಬಂದು ರಾಜ್ಯಗಳ ಪೊಲೀಸರಿಗೆ ತಲುಪುತ್ತದೆ. ನನ್ನನ್ನು ಯಾರು ಹಿಡಿಯುತ್ತಾರೆ ಎಂದುಕೊಂಡವರ ಮನೆ ಬಾಗಿಲಿಗೆ ಪೊಲೀಸರು ಬಂದಿರುವುದು ಈ ದಾರಿಯಿಂದಲೂ ಹೌದು.

ದೂರು ಕೊಡಲು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ರಾಷ್ಟ್ರೀಯ ಪೋರ್ಟಲ್ ಇದೆ. ಮಕ್ಕಳ ಲೈಂಗಿಕ ಚಿತ್ರಗಳ ಬಗ್ಗೆ ಅದರಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಈ ಪೋರ್ಟಲಿನ ಹಿಂದೆಯೂ ಒಂದು ಪತ್ರವಿದೆ. 2015ರಲ್ಲಿ ಹೈದರಾಬಾದಿನ ಪ್ರಜ್ವಲಾ ಸಂಸ್ಥೆಯವರು ವಾಟ್ಸ್‌ಆ್ಯಪಿನಲ್ಲಿ ಹರಿದಾಡುತ್ತಿದ್ದ ಅತ್ಯಾಚಾರದ ವಿಡಿಯೊಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಒಂದು ಪತ್ರದ ಜೊತೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿದರು. ಆಗ ಆ ಸ್ಥಾನದಲ್ಲಿದ್ದವರು ಕನ್ನಡಿಗರೇ ಆದ ಎಚ್.ಎಲ್. ದತ್ತು. ನ್ಯಾಯಾಲಯ ಆ ಪತ್ರವನ್ನೇ ಪ್ರಕರಣವಾಗಿ ಕೈಗೆತ್ತಿಕೊಂಡಿತು. ಆ ವಿಚಾರಣೆ ಮುಂದುವರಿದು ಸರ್ಕಾರ ಇಂಥ ಪೋರ್ಟಲ್ ತೆರೆಯುವಂತಾಯಿತು. ಕಂಡದ್ದನ್ನು ಕಂಡವರು ಹೇಳಿದರೆ ದೇಶದ ವ್ಯವಸ್ಥೆಯೇ ಕದಲಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಿಮ್ಮನ್ನು ಹೆಚ್ಚು ಕಾಡುವ ಸನ್ನಿವೇಶ ಇನ್ನೊಂದಿದೆ. ಫೋಟೊ ಹರಿಯಬಿಟ್ಟವನೂ ನಿಮ್ಮದೇ ಹತ್ತನೇ ತರಗತಿಯ ಹುಡುಗ. ಅವನಿಗೂ ಹದಿನೆಂಟು ತುಂಬಿಲ್ಲ. ಆಗಲೂ ಪೊಲೀಸರಿಗೆ ತಿಳಿಸುವ ಹೊಣೆ ತಪ್ಪುವುದಿಲ್ಲ. ಆದರೆ ಅವನನ್ನು ಜೈಲಿಗೆ ಹಾಕುವುದಿಲ್ಲ, 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಅವನ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅವನ ಗುರುತನ್ನೂ ಬಹಿರಂಗ ಮಾಡುವಂತಿಲ್ಲ. ಅವನನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಅವಮಾನ ಮಾಡಿದರೆ ಹುಡುಗಿಗೆ ನ್ಯಾಯ ಸಿಗುವುದಿಲ್ಲ, ಇಡೀ ಶಾಲೆಗೆ ಅವಳು ಯಾರೆಂದು ಗೊತ್ತಾಗುತ್ತದೆ ಅಷ್ಟೆ. ಫಾರ್ವರ್ಡ್ ಮಾಡಿದ ಉಳಿದ ಹುಡುಗರಿಗೂ, "ಬಂದದ್ದನ್ನು ಕಳಿಸಿದೆ, ನಾನೇನು ಮಾಡಿದೆ?" ಎನ್ನುವವರಿಗೂ, ಕಳಿಸಿದ್ದೇ ಅಪರಾಧ ಎಂಬುದನ್ನು ತರಗತಿಯಲ್ಲಿ ಕೂರಿಸಿ ಹೇಳಬೇಕು. ಅವರಲ್ಲಿ ಬಹುಪಾಲು ಮಕ್ಕಳಿಗೆ ಇದು ನಿಜಕ್ಕೂ ಗೊತ್ತಿರುವುದಿಲ್ಲ.

ಗೊತ್ತು ಮಾಡಿಸಬೇಕಾದವರು ನಾವೇ. 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೇ ತರಗತಿಯಿಂದ ಮುಂದಿನ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ಬಗ್ಗೆ ತಿಳಿವಳಿಕೆ ಕೊಡಲು ಕ್ರಮ ಕೈಗೊಳ್ಳಿ ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತ್ತು. ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಸುಪ್ರೀಂ ಕೋರ್ಟಿನ 2024ರ ತೀರ್ಪೂ ಒತ್ತಿ ಹೇಳಿದೆ. ಸುತ್ತೋಲೆ ಬರಲಿ ಎಂದು ಕಾಯಬೇಕಿಲ್ಲ. ಈ ಶೈಕ್ಷಣಿಕ ವರ್ಷದಲ್ಲಿಯೇ ನಿಮ್ಮ ಕೈಯಲ್ಲಿರುವ ಕೆಲವು ಕೆಲಸಗಳನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಂಥ ವಿಷಯ ಬಂದರೆ ಮೊದಲು ಕೇಳಿಸಿಕೊಳ್ಳುವವರು ಯಾರು ಎಂದು ಒಬ್ಬ ಶಿಕ್ಷಕಿ, ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ, ಅವರ ಹೆಸರನ್ನು ಮಕ್ಕಳಿಗೆ ತಿಳಿಸಿ. 1098 ಮಕ್ಕಳ ಸಹಾಯವಾಣಿ, 112 ತುರ್ತು ಸಂಖ್ಯೆ, ದುಡ್ಡು ಹೋಗಿದ್ದರೆ ಕೂಡಲೇ ಕರೆ ಮಾಡಬೇಕಾದ 1930, ನಿಮ್ಮ ಠಾಣೆ ಮತ್ತು ಜಿಲ್ಲೆಯ ಸೈಬರ್ ಅಪರಾಧ ಠಾಣೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಈ ನಂಬರುಗಳನ್ನು ನೋಟಿಸ್ ಬೋರ್ಡಿನಲ್ಲಷ್ಟೇ ಅಲ್ಲ, ಮಕ್ಕಳು ಒಬ್ಬೊಬ್ಬರೇ ಓದಬಹುದಾದ ಜಾಗದಲ್ಲಿಯೂ ಬರೆಸಿ. ಪೋಕ್ಸೊ ನಿಯಮಗಳು ಹೇಳುವಂತೆ ಬೋಧಕ, ಬೋಧಕೇತರ ಸಿಬ್ಬಂದಿ ಎಲ್ಲರ ಪೊಲೀಸ್ ಪರಿಶೀಲನೆ ಆಗಿದೆಯೇ ನೋಡಿ. ಶಾಲೆಯ ಫೇಸ್‌ಬುಕ್ ಪುಟದಲ್ಲಿ ಮಕ್ಕಳ ಮುಖ ಎದ್ದು ಕಾಣುವ ಫೋಟೊ, ಅದರ ಕೆಳಗೆ ಹೆಸರು ತರಗತಿ ಹಾಕುವುದನ್ನು ನಿಲ್ಲಿಸಿ. ಪೊಲೀಸರ ತೆರೆದ ಮನೆ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿ ಈ ವಿಷಯವನ್ನೇ ಕೇಳಿಸಿ. ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಮಗು ಬಂದು ಹೇಳಿದರೆ ಹೊಡೆಯುವುದಿಲ್ಲ, ಮೊಬೈಲು ಒಡೆಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂಬ ಮಾತನ್ನು ತಂದೆ ತಾಯಿಯ ಬಾಯಿಂದಲೇ, ಮಕ್ಕಳಿಗೆ ಕೇಳುವಂತೆ ಹೇಳಿಸಿ.

ಹದಿನಾಲ್ಕು ವರ್ಷದ ಮಗುವೊಂದು ಆಫೀಸ್ ರೂಮಿನ ಬಾಗಿಲಲ್ಲಿ ನಿಂತು "ಸರ್, ಒಂದು ವಿಷಯ ಹೇಳಬೇಕು" ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೈಯಲ್ಲಿರುವ ಕಡತವನ್ನು ಬದಿಗಿಟ್ಟು ಆ ಮಗುವನ್ನು ಕೂರಿಸಿ ಪೂರ್ತಿ ಕೇಳಿ. ಬೈಯಬೇಡಿ, ಅಳಿಸಬೇಡಿ, ಯಾರಿಗೂ ಕಳಿಸಬೇಡಿ, ರಾಜಿ ಮಾಡಿಸಬೇಡಿ. ಅವತ್ತೇ ಪೊಲೀಸರಿಗೆ ತಿಳಿಸಿ, ತಿಳಿಸಿದ ಮೇಲೂ ಮಗುವಿನ ಜೊತೆ ನಿಲ್ಲಿ. ಉಳಿದದ್ದನ್ನು ಮಾಡಲು ಕಾನೂನಿದೆ. ಅದರ ಬಾಗಿಲು ತೆರೆಯುವ ಕೆಲಸ ನಿಮ್ಮದು, ಅದನ್ನು ನೀವು ಮಾಡಲೇಬೇಕು.

ಇಂತಿ ನಿಮ್ಮ ವಿಶ್ವಾಸಿ,
ಮಕ್ಕಳ ಪರ ವಕೀಲೆ